ಓಡುತ್ತಿರುವ ಡೇಟಾವನ್ನು ನಿಲ್ಲಿಸದೆ ಹಿಡಿಯೋದು ಹೇಗೆ? ಸ್ನ್ಯಾಪ್‌ಶಾಟ್ ಮತ್ತು ಬ್ಯಾಕಪ್: ಒಂದು ಪಾಠ

ಬ್ಯಾಕಪ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯೋದು ಒಂದೇ ದಾರಿ: ಫೋಲ್ಡರ್ ಕಾಪಿ ಮಾಡು, ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕು, ಮುಗೀತು. ಲ್ಯಾಬ್ ರೆಕಾರ್ಡಿಗೆ, ಸೆಮಿನಾರ್ ಪಿಪಿಟಿಗೆ ಇಷ್ಟು ಸಾಕು. ಕಾಪಿ ಆಗುವ ಹೊತ್ತಿನಲ್ಲಿ ಆ ಫೈಲನ್ನು ಯಾರೂ ತಿದ್ದುತ್ತಿರುವುದಿಲ್ಲ. ಆದರೆ ಫೈನಲ್ ಇಯರ್ ಪ್ರಾಜೆಕ್ಟಿಗೆ ಒಂದು ವೆಬ್‌ಸೈಟ್ ಮಾಡಿ, ಹಿಂದೆ ಮೈಎಸ್‌ಕ್ಯೂಎಲ್ಲೋ ಪೋಸ್ಟ್‌ಗ್ರೆಸ್ಸೋ ಓಡಿಸಿ, ನಿಜವಾದ ಜನ ಅದನ್ನು ಬಳಸೋಕೆ ಶುರು ಮಾಡಿದ ದಿನದಿಂದ ಲೆಕ್ಕ ಬದಲಾಗುತ್ತದೆ. ಈಗ ನಾವು ಕಾಪಿ ಮಾಡಬೇಕಾದದ್ದು ನಿಂತ ಫೈಲನ್ನಲ್ಲ, ಓಡುತ್ತಿರುವ ಫೈಲನ್ನು.

ಓಡುತ್ತಿರುವ ಡೇಟಾಬೇಸಿನ ಫೋಲ್ಡರನ್ನು ಹಾಗೇ ಕಾಪಿ ಮಾಡಿದರೆ ಎರರ್ ಬರೋದಿಲ್ಲ. ಅಪಾಯ ಇರೋದು ಅಲ್ಲೇ. ಕಾಪಿ ಮುಗಿಯುತ್ತದೆ, ಫೈಲ್ ಸೈಜ್ ಸರಿಯಾಗೇ ಕಾಣುತ್ತದೆ, ನಾವು ನೆಮ್ಮದಿಯಾಗಿ ಮಲಗುತ್ತೇವೆ. ಅದು ಕೆಟ್ಟಿದೆ ಅಂತ ಗೊತ್ತಾಗೋದು ಅದು ಬೇಕಾದ ದಿನ.

ಈ ಪಾಠದಲ್ಲಿ ಮೂರು ವಿಷಯ ನೋಡೋಣ: ಸಾದಾ ಕಾಪಿ ಯಾಕೆ ಕೈಕೊಡುತ್ತದೆ, ಸ್ನ್ಯಾಪ್‌ಶಾಟ್ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ, ಅದರಿಂದ ನಂಬಬಹುದಾದ ಬ್ಯಾಕಪ್ ಮಾಡೋದು ಹೇಗೆ. ಕೊನೆಯಲ್ಲಿ ಲ್ಯಾಪ್‌ಟಾಪಿನಲ್ಲೇ ಮಾಡಬಹುದಾದ ಒಂದು ಪ್ರಯೋಗವೂ ಇದೆ.

೧. ಏಳು ಸುತ್ತಿನಲ್ಲಿ ತಲೆ ಎಣಿಕೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಭಾನುವಾರ ಎಷ್ಟು ಜನ ಇದ್ದಾರೆ ಅಂತ ಎಣಿಸಬೇಕು ಅಂದುಕೊಳ್ಳಿ. ಬಾಗಿಲು ಹಾಕುವಂತಿಲ್ಲ, ಜನರನ್ನು ನಿಲ್ಲಿಸುವಂತಿಲ್ಲ. ನಾವು ಕೆಳಗಿನ ಸುತ್ತಿನಿಂದ ಶುರು ಮಾಡಿ ಒಂದೊಂದೇ ಸುತ್ತು ಎಣಿಸುತ್ತ ಮೇಲೆ ಹತ್ತುತ್ತೇವೆ.

ಎರಡನೇ ಸುತ್ತಿನಲ್ಲಿ ಎಣಿಸಿದ ಹುಡುಗ ನಮಗಿಂತ ಬೇಗ ಹತ್ತಿ ಐದನೇ ಸುತ್ತಿಗೆ ಹೋದ. ಅಲ್ಲಿ ಅವನನ್ನು ಮತ್ತೆ ಎಣಿಸಿದೆವು. ಆರನೇ ಸುತ್ತಿನಲ್ಲಿದ್ದ ಒಂದು ಕುಟುಂಬ, ನಾವು ಮೂರನೆಯದನ್ನು ಎಣಿಸುತ್ತಿದ್ದಾಗ ಬೇರೆ ದಾರಿಯಿಂದ ಒಂದನೇ ಸುತ್ತಿಗೆ ಇಳಿಯಿತು. ಅವರು ಲೆಕ್ಕಕ್ಕೇ ಸಿಗಲಿಲ್ಲ. ಕೊನೆಗೆ ಒಂದು ಸಂಖ್ಯೆ ಬಂತು. ಆದರೆ ಆ ಸಂಖ್ಯೆ ಆ ದಿನದ ಯಾವ ಕ್ಷಣದಲ್ಲೂ ನಿಜವಾಗಿರಲಿಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಮಸ್ಯೆ ಇರೋದು ಎಣಿಕೆ ಹಳೆಯದಾಗಿದೆ ಅನ್ನೋದರಲ್ಲಲ್ಲ. ಹಳೆಯದಾದರೂ ಪರವಾಗಿಲ್ಲ, ಒಂದು ಕ್ಷಣಕ್ಕಾದರೂ ನಿಜವಾಗಿರಬೇಕು. ಬ್ಯಾಕಪ್ ವಿಷಯದಲ್ಲಿ ಸುಸಂಗತ, ಅಂದರೆ ಕನ್ಸಿಸ್ಟೆಂಟ್, ಅನ್ನುವ ಮಾತಿಗೆ ಇದೇ ಅರ್ಥ.

ಡಿಸ್ಕ್ ಮೇಲೂ ಇದೇ ಕಥೆ. 20 ಜಿಬಿ ಡೇಟಾವನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಕಾಪಿ ಮಾಡಿದರೆ ಸುಮಾರು 200 ಸೆಕೆಂಡ್, ಅಂದರೆ ಮೂರು ನಿಮಿಷಕ್ಕೂ ಹೆಚ್ಚು ಬೇಕು. ಮೊದಲ ಫೈಲ್ ಮೊದಲ ಸೆಕೆಂಡಿನದು, ಕೊನೆಯ ಫೈಲ್ ಮೂರು ನಿಮಿಷದ ನಂತರದ್ದು. ಮಧ್ಯೆ ಸಾವಿರಾರು ಬರವಣಿಗೆ ಆಗಿರಬಹುದು. ಒಂದೇ ಫೈಲಿನೊಳಗೂ ಈ ಗಂಡಾಂತರ ಉಂಟು. ಪೋಸ್ಟ್‌ಗ್ರೆಸ್ 8 ಕೆಬಿ ಪುಟಗಳಲ್ಲಿ ಬರೆಯುತ್ತದೆ, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಸಾಮಾನ್ಯವಾಗಿ 16 ಕೆಬಿ ಪುಟಗಳಲ್ಲಿ. ಕಾಪಿ ಮಾಡುವ ಪ್ರೋಗ್ರಾಂಗೆ ಈ ಪುಟಗಳ ಗಡಿ ಗೊತ್ತಿಲ್ಲ. ಅರ್ಧ ಪುಟ ಹಳೆಯದು, ಅರ್ಧ ಹೊಸದು ಸಿಕ್ಕಿಬಿಡಬಹುದು. ಇದಕ್ಕೆ ಹರಿದ ಪುಟ ಅನ್ನುತ್ತಾರೆ.

೨. ಪಹಣಿಯ ಲೆಕ್ಕದಲ್ಲಿ ನೋಡೋಣ

ಪ್ರಾಯೋಗಿಕವಾಗಿ ಏನು ಕಳೆದುಹೋಗುತ್ತದೆ ಅಂತ ತಿಳಿಯೋಕೆ ನಮ್ಮೆಲ್ಲರ ಮನೆಗೂ ಗೊತ್ತಿರುವ ಉದಾಹರಣೆ ಪಹಣಿ. ಕರ್ನಾಟಕ ಸರ್ಕಾರ 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ತಂತ್ರಾಂಶ ಮಾಡಿಕೊಟ್ಟದ್ದು ಎನ್‌ಐಸಿ. ಆಮೇಲೆ ಕೈಬರಹದ ಪಹಣಿಗೆ ಬೆಲೆ ಹೋಯಿತು. ಅಂದರೆ ಹಿರಿಯೂರಿನ ಒಬ್ಬ ರೈತನ ಜಮೀನು ಅವನದೇ ಅನ್ನೋಕೆ ಇವತ್ತು ಇರುವ ಸಾಕ್ಷಿ ಒಂದು ಡೇಟಾಬೇಸಿನ ಸಾಲು.

ಈಗ ಒಂದು ಕಲ್ಪಿತ ಲೆಕ್ಕ. (ಭೂಮಿಯಲ್ಲಿ ಹೀಗೆ ಆಗಿದೆ ಅಂತ ನಾವು ಹೇಳುತ್ತಿಲ್ಲ. ವಿಷಯ ತಿಳಿಯಲಿ ಅಂತ ಅಷ್ಟೇ.) ಒಂದು ಸರ್ವೆ ನಂಬರಿನಲ್ಲಿ 5 ಎಕರೆ ಇದೆ. ಮಾಲೀಕರು ಅದರಲ್ಲಿ 2 ಎಕರೆ ಮಾರಿದರು. ಡೇಟಾಬೇಸಿನಲ್ಲಿ ಎರಡು ಬದಲಾವಣೆ ಆಗಬೇಕು: ಮಾರಿದವರ ಸಾಲಿನಲ್ಲಿ 5 ಹೋಗಿ 3 ಆಗಬೇಕು, ಕೊಂಡವರ ಹೆಸರಿನಲ್ಲಿ 2 ಎಕರೆಯ ಹೊಸ ಸಾಲು ಬರಬೇಕು.

ನಮ್ಮ ಸಾದಾ ಕಾಪಿ ಮಾರಿದವರ ಸಾಲನ್ನು ಬದಲಾವಣೆಗೆ ಮುಂಚೆ, ಕೊಂಡವರ ಸಾಲನ್ನು ಬದಲಾವಣೆಯ ನಂತರ ಹಿಡಿಯಿತು ಅನ್ನಿ. ಬ್ಯಾಕಪ್‌ನಲ್ಲಿ 5 ಮತ್ತು 2, ಒಟ್ಟು 7 ಎಕರೆ. ಭೂಮಿ ಬೆಳೆದುಬಿಟ್ಟಿತು! ಉಲ್ಟಾ ಆದರೆ 3 ಎಕರೆ ಮಾತ್ರ. 2 ಎಕರೆ ಯಾರ ಹೆಸರಿನಲ್ಲೂ ಇಲ್ಲ. ಎರಡು ಕಡೆಯಲ್ಲೂ ಫೈಲ್ ಸರಿಯಾಗೇ ತೆರೆಯುತ್ತದೆ, ಯಾವ ಎರರ್ರೂ ಇಲ್ಲ. ಜಗಳ ಮಾತ್ರ ಹೊಲದ ಬದುವಿನ ಮೇಲೆ ಶುರುವಾಗುತ್ತದೆ.

ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯ ಲೆಕ್ಕವಿರಲಿ, ನಮ್ಮ ಹಾಸ್ಟೆಲ್ ಮೆಸ್ ಬಿಲ್ಲಿನ ಆಪ್ ಇರಲಿ, ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿಸುವ ಎಲ್ಲ ಕಡೆಯೂ ಇದೇ ಅಪಾಯ.

೩. ಸ್ನ್ಯಾಪ್‌ಶಾಟ್ ಒಳಗೆ ಏನು ನಡೆಯುತ್ತದೆ?

ಸುಲಭದ ಪರಿಹಾರ ಡೇಟಾಬೇಸ್ ನಿಲ್ಲಿಸಿ ಕಾಪಿ ಮಾಡೋದು. ರಾತ್ರಿ 2 ಗಂಟೆಗೆ ಹತ್ತು ನಿಮಿಷ ನಿಲ್ಲಿಸಿದರೆ ನಡೆಯುತ್ತದೆ ಅನ್ನುವವರು ಹಾಗೇ ಮಾಡಲಿ, ತಪ್ಪಿಲ್ಲ. ನಿಲ್ಲಿಸೋಕೆ ಆಗದವರಿಗೆ ಸ್ನ್ಯಾಪ್‌ಶಾಟ್.

ಸ್ನ್ಯಾಪ್‌ಶಾಟ್ ಅಂದರೆ ಇಡೀ ಫೈಲ್ ಸಿಸ್ಟಮ್ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೇ ಕಾಣುವ ನೋಟ. ಕೋಟೆಯ ಉದಾಹರಣೆಯಲ್ಲಿ, ಮೇಲಿಂದ ಒಂದೇ ಕ್ಲಿಕ್ಕಿಗೆ ಏಳೂ ಸುತ್ತಿನ ಫೋಟೊ ತೆಗೆದ ಹಾಗೆ. ಆಮೇಲೆ ಜನ ಓಡಾಡಿಕೊಳ್ಳಲಿ, ನಾವು ಫೋಟೊದಲ್ಲಿ ನಿಧಾನವಾಗಿ ಎಣಿಸಬಹುದು.

20 ಜಿಬಿಯ ಫೋಟೊ ಒಂದು ಸೆಕೆಂಡಿನಲ್ಲಿ ಹೇಗೆ ಸಾಧ್ಯ? ಉತ್ತರ ಸರಳ: ಆ ಕ್ಷಣದಲ್ಲಿ ಏನನ್ನೂ ಕಾಪಿ ಮಾಡೋದೇ ಇಲ್ಲ. "ಇಲ್ಲಿಂದ ಮುಂದೆ ಹಳೆಯದನ್ನು ಅಳಿಸಬೇಡ" ಅಂತ ಗುರುತು ಹಾಕೋದಷ್ಟೇ. ಇದನ್ನು ಪಾಲಿಸೋಕೆ ಎರಡು ದಾರಿ ಇವೆ.

ಮೊದಲ ದಾರಿ, ಹಳೆಯದನ್ನು ಎತ್ತಿಟ್ಟು ಮೇಲೆ ಬರೆಯೋದು. ಲಿನಕ್ಸ್‌ನ ಎಲ್‌ವಿಎಂನ ಮಾಮೂಲಿ ಸ್ನ್ಯಾಪ್‌ಶಾಟ್ ಹೀಗೆ ಕೆಲಸ ಮಾಡುತ್ತದೆ. ಡಿಸ್ಕಿನಲ್ಲಿ ಕ, ಖ, ಗ, ಘ ಅಂತ ನಾಲ್ಕು ತುಂಡು ಇವೆ ಅನ್ನಿ. ಸ್ನ್ಯಾಪ್‌ಶಾಟ್ ಆದ ಮೇಲೆ ಯಾರೋ ಖ ತುಂಡನ್ನು ಬದಲಿಸಲು ಬಂದರು. ಎಲ್‌ವಿಎಂ ಮೊದಲು ಹಳೆಯ ಖ ತುಂಡನ್ನು ಬೇರೆ ಜಾಗಕ್ಕೆ ಕಾಪಿ ಮಾಡಿ, ಆಮೇಲೆ ಹೊಸದನ್ನು ಬರೆಯಲು ಬಿಡುತ್ತದೆ. ಅದೇ ತುಂಡು ಎರಡನೇ ಸಲ ಬದಲಾದರೆ ಮತ್ತೆ ಕಾಪಿ ಬೇಕಿಲ್ಲ. ಸ್ನ್ಯಾಪ್‌ಶಾಟ್ ಓದುವವರಿಗೆ ಕ, ಗ, ಘ ಮೂಲ ಜಾಗದಿಂದಲೂ ಖ ಎತ್ತಿಟ್ಟ ಜಾಗದಿಂದಲೂ ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಅಂದರೆ, ಸ್ನ್ಯಾಪ್‌ಶಾಟ್ ಇರುವಷ್ಟು ಹೊತ್ತು ಬರವಣಿಗೆ ನಿಧಾನವಾಗುತ್ತದೆ.

ಎರಡನೇ ದಾರಿ, ಮೇಲೆ ಬರೆಯೋದೇ ಬೇಡ ಅನ್ನೋದು. ಜೆಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಈ ಜಾತಿಯವು. ಜೆಡ್‌ಎಫ್‌ಎಸ್ ಕೆಲಸ 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಶುರುವಾಗಿ 2005ರಲ್ಲಿ ಓಪನ್‌ಸೊಲಾರಿಸ್ ಜೊತೆ ಹೊರಬಂತು. ಬಿಟಿಆರ್‌ಎಫ್‌ಎಸ್ 2009ರಲ್ಲಿ ಲಿನಕ್ಸ್ ಕರ್ನಲ್ ಸೇರಿತು. ಇಲ್ಲಿ ಬದಲಾದ ತುಂಡು ಯಾವಾಗಲೂ ಖಾಲಿ ಜಾಗಕ್ಕೆ ಹೋಗುತ್ತದೆ, ಆಮೇಲೆ ಸೂಚಿಯಲ್ಲಿ ವಿಳಾಸ ತಿದ್ದಲಾಗುತ್ತದೆ. ಲೆಕ್ಕದ ಪುಸ್ತಕದ ಹಾಳೆಯನ್ನು ಅಳಿಸದೆ ಹೊಸ ಹಾಳೆ ಬರೆದು, ಮುಂದಿನ ಪರಿವಿಡಿಯಲ್ಲಿ ಪುಟಸಂಖ್ಯೆ ಬದಲಿಸಿದ ಹಾಗೆ. ಹಳೆಯ ಪರಿವಿಡಿಯ ಒಂದು ಪ್ರತಿ ಉಳಿಸಿಕೊಂಡರೆ ಅದೇ ಸ್ನ್ಯಾಪ್‌ಶಾಟ್.

ವಿಂಡೋಸ್‌ನವರು ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ವಾಲ್ಯೂಮ್ ಶ್ಯಾಡೋ ಕಾಪಿ ಅನ್ನುವ ಸೌಲಭ್ಯ ಎಕ್ಸ್‌ಪಿ ಕಾಲದಿಂದ ಇದೆ.

೪. ಕರೆಂಟ್ ಹೋದ ಕ್ಷಣದ ಫೋಟೊ

ಸ್ನ್ಯಾಪ್‌ಶಾಟ್ ತೆಗೆದರೆ ಎಲ್ಲ ಸರಿಹೋಯಿತಾ? ಪೂರ್ತಿ ಇಲ್ಲ. ಸ್ನ್ಯಾಪ್‌ಶಾಟ್ ಹಿಡಿದದ್ದು ಒಂದು ಕ್ಷಣದ ಡಿಸ್ಕನ್ನು. ಆ ಕ್ಷಣದಲ್ಲಿ ಪ್ರೋಗ್ರಾಂ ಎರಡು ಬರವಣಿಗೆಯ ನಡುವೆ ನಿಂತಿರಬಹುದು: 5 ಹೋಗಿ 3 ಆಗಿದೆ, 2ರ ಸಾಲು ಇನ್ನೂ ಬಂದಿಲ್ಲ. ಮೆಮೊರಿಯಲ್ಲೇ ಇದ್ದು ಡಿಸ್ಕಿಗೆ ತಲುಪದ ಡೇಟಾವಂತೂ ಫೋಟೊದಲ್ಲಿ ಬರೋದೇ ಇಲ್ಲ.

ಇದನ್ನು ಹೀಗೆ ಯೋಚಿಸಿ. ಹೊಸದುರ್ಗದ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ನಡೆಯುತ್ತಿದ್ದಾಗ ಕರೆಂಟ್ ಹೋಯಿತು, ಯುಪಿಎಸ್ಸೂ ಇಲ್ಲ. ಕರೆಂಟ್ ಬಂದ ಮೇಲೆ ಡಿಸ್ಕ್ ಯಾವ ಸ್ಥಿತಿಯಲ್ಲಿರುತ್ತದೋ ಸ್ನ್ಯಾಪ್‌ಶಾಟ್ ಕೂಡ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿರುತ್ತದೆ. ಇದನ್ನು ಕ್ರ್ಯಾಶ್ ಕನ್ಸಿಸ್ಟೆಂಟ್ ಅನ್ನುತ್ತಾರೆ.

ಹಾಗಾದರೆ ಪ್ರಶ್ನೆ ಬದಲಾಗುತ್ತದೆ: ಕರೆಂಟ್ ಹೋದರೂ ನಮ್ಮ ಡೇಟಾಬೇಸ್ ತಾನಾಗಿ ಎದ್ದು ನಿಲ್ಲುತ್ತದಾ? ಪೋಸ್ಟ್‌ಗ್ರೆಸ್, ಇನ್ನೋಡಿಬಿ ಎರಡೂ ಎದ್ದು ನಿಲ್ಲುತ್ತವೆ. ಕಾರಣ ಅವು ಮೊದಲು ಲಾಗ್ ಬರೆದು ಆಮೇಲೆ ಡೇಟಾ ತಿದ್ದುತ್ತವೆ. ತಾಲ್ಲೂಕು ಕಚೇರಿಯ ಪದ್ಧತಿಯೂ ಇದೇ ಅಲ್ಲವೇ? ಜಮೀನು ಮಾರಾಟವಾದರೆ ನೇರವಾಗಿ ಪಹಣಿ ತಿದ್ದೋದಿಲ್ಲ. ಮೊದಲು ಮ್ಯುಟೇಶನ್ ರಿಜಿಸ್ಟರಿನಲ್ಲಿ ಎಂ.ಆರ್. ನಂಬರ್ ಬಿದ್ದು, ಅದು ಮಂಜೂರಾದ ಮೇಲೆ ಪಹಣಿ ಬದಲಾಗುತ್ತದೆ. ಮಧ್ಯೆ ಕೆಲಸ ನಿಂತರೂ ರಿಜಿಸ್ಟರ್ ನೋಡಿದರೆ ಯಾವುದು ಮುಗಿದಿದೆ, ಯಾವುದು ಬಾಕಿ ಇದೆ ಅಂತ ತಿಳಿಯುತ್ತದೆ. ಡೇಟಾಬೇಸ್ ಕೂಡ ಎದ್ದ ಕೂಡಲೇ ಲಾಗ್ ಓದಿ, ಕಮಿಟ್ ಆದ ವ್ಯವಹಾರಗಳನ್ನು ಪೂರ್ತಿ ಮಾಡುತ್ತದೆ. ಕಮಿಟ್ ಆಗದವು ಲೆಕ್ಕಕ್ಕಿಲ್ಲ.

ಇದರಿಂದ ಬರುವ ನಿಯಮ ಒಂದೇ, ಆದರೆ ಅದನ್ನು ಮೀರಿದರೆ ಎಲ್ಲವೂ ಹೋಯಿತು: ಡೇಟಾ ಮತ್ತು ಲಾಗ್ ಎರಡೂ ಒಂದೇ ಸ್ನ್ಯಾಪ್‌ಶಾಟ್‌ನಲ್ಲಿ, ಒಂದೇ ಕ್ಷಣದಲ್ಲಿ ಸಿಗಬೇಕು. ವೇಗಕ್ಕೆ ಅಂತ ಲಾಗನ್ನು ಬೇರೆ ಡಿಸ್ಕಿನಲ್ಲಿಟ್ಟು, ಎರಡಕ್ಕೂ ಬೇರೆಬೇರೆ ಹೊತ್ತಿನಲ್ಲಿ ಸ್ನ್ಯಾಪ್‌ಶಾಟ್ ತೆಗೆದರೆ ಮತ್ತೆ ಏಳು ಸುತ್ತಿನ ಎಣಿಕೆಗೇ ಬಂದು ನಿಂತೆವು.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿರುವುದು ಅಪ್ಲಿಕೇಶನ್ ಕನ್ಸಿಸ್ಟೆಂಟ್ ಬ್ಯಾಕಪ್. ಇಲ್ಲಿ ಫೋಟೊ ತೆಗೆಯುವ ಮುಂಚೆ ಡೇಟಾಬೇಸಿಗೆ "ಸ್ವಲ್ಪ ತಡಿ" ಅಂತ ಹೇಳುತ್ತೇವೆ.

೫. ಕೆಲಸದ ಕ್ರಮ

ಎಲ್‌ವಿಎಂ ಮೇಲೆ ಇಎಕ್ಸ್‌ಟಿ4, ಅದರ ಮೇಲೆ ಡೇಟಾಬೇಸ್ ಇದೆ ಅಂತ ಇಟ್ಟುಕೊಂಡು ಹಂತಗಳನ್ನು ನೋಡೋಣ.

• ಡೇಟಾಬೇಸನ್ನು ಸಿದ್ಧ ಮಾಡಿ. ಪೋಸ್ಟ್‌ಗ್ರೆಸ್ ಆದರೆ ಚೆಕ್‌ಪಾಯಿಂಟ್ ಆದೇಶ ಕೊಟ್ಟರೆ ಸಾಕು, ಮುಂದೆ ಎದ್ದು ನಿಲ್ಲುವ ಕೆಲಸ ಬೇಗ ಮುಗಿಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಮೈಐಸ್ಯಾಮ್ ಟೇಬಲ್‌ಗಳಿದ್ದರೆ ಎಲ್ಲ ಟೇಬಲ್‌ಗಳಿಗೂ ರೀಡ್ ಲಾಕ್ ಹಾಕಲೇಬೇಕು. ಮೈಐಸ್ಯಾಮ್‌ಗೆ ಲಾಗ್ ಇಲ್ಲ, ತಾನಾಗಿ ಎದ್ದು ನಿಲ್ಲೋದಿಲ್ಲ. ಲಾಕ್ ಹಾಕಿದ ಸೆಷನ್ ಮುಚ್ಚಿದರೆ ಲಾಕ್ ಬಿಟ್ಟುಹೋಗುತ್ತದೆ, ಹಾಗಾಗಿ ಸ್ನ್ಯಾಪ್‌ಶಾಟ್ ಮುಗಿಯುವವರೆಗೆ ಅದು ತೆರೆದೇ ಇರಬೇಕು.

• ಎಲ್‌ವಿಕ್ರಿಯೇಟ್ ಆದೇಶದಿಂದ ಸ್ನ್ಯಾಪ್‌ಶಾಟ್ ತೆಗೆಯಿರಿ. ಎಲ್‌ವಿಎಂ ಆ ಹೊತ್ತಿಗೆ ಫೈಲ್ ಸಿಸ್ಟಮನ್ನು ತಾನೇ ಒಂದು ಕ್ಷಣ ಫ್ರೀಜ್ ಮಾಡಿ ಬಿಡುತ್ತದೆ.

• ಲಾಕ್ ತೆಗೆಯಿರಿ. ಇಲ್ಲಿಗೆ ಬಳಕೆದಾರರು ಕಾಯಬೇಕಾದ ಹೊತ್ತು ಮುಗಿಯಿತು.

• ಸ್ನ್ಯಾಪ್‌ಶಾಟನ್ನು ರೀಡ್ ಓನ್ಲಿಯಾಗಿ ಮೌಂಟ್ ಮಾಡಿ, ಆರ್‌ಸಿಂಕ್ ಅಥವಾ ಟಾರ್‌ನಿಂದ ಬೇರೆ ಯಂತ್ರಕ್ಕೆ ಕಾಪಿ ಮಾಡಿ. ಎಕ್ಸ್‌ಎಫ್‌ಎಸ್ ಆಗಿದ್ದರೆ ಮೂಲದ್ದೂ ಸ್ನ್ಯಾಪ್‌ಶಾಟ್‌ನದೂ ಯುಯುಐಡಿ ಒಂದೇ ಆಗಿರುವುದರಿಂದ ನೋಯುಯುಐಡಿ ಆಪ್ಶನ್ ಕೊಡಬೇಕು.

• ಅನ್‌ಮೌಂಟ್ ಮಾಡಿ, ಸ್ನ್ಯಾಪ್‌ಶಾಟ್ ಅಳಿಸಿ. ಮರೆತು ಬಿಟ್ಟರೆ ಡಿಸ್ಕ್ ನಿಧಾನವಾಗಿಯೇ ಉಳಿಯುತ್ತದೆ.

ಎತ್ತಿಡುವ ಜಾಗ ಎಷ್ಟು ಬೇಕು? ಕಾಪಿಗೆ 20 ನಿಮಿಷ, ಬರವಣಿಗೆ ಸೆಕೆಂಡಿಗೆ 2 ಎಂಬಿ ಅನ್ನಿ. 1200 ಸೆಕೆಂಡಿಗೆ 2400 ಎಂಬಿ. ಹುಷಾರಿಗೆ ಎರಡರಷ್ಟು, ಅಂದರೆ 5 ಜಿಬಿ ಕೊಡೋಣ. ಈ ಲೆಕ್ಕ ಹಗುರವಾಗಿ ತಗೋಬೇಡಿ. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ 2022ರಲ್ಲಿ ಮತ್ತೆ ತುಂಬಿದಾಗ ಹೆಚ್ಚಾದ ನೀರು ಕೋಡಿಯಲ್ಲಿ ಹರಿದುಹೋಯಿತು, ಅಣೆಕಟ್ಟು ಗಟ್ಟಿಯಾಗಿ ನಿಂತಿತು. ಎಲ್‌ವಿಎಂನ ಈ ಜಾಗಕ್ಕೆ ಕೋಡಿ ಇಲ್ಲ. ತುಂಬಿದರೆ ಇಡೀ ಸ್ನ್ಯಾಪ್‌ಶಾಟ್ ಅಮಾನ್ಯ. ಕಾಪಿ ನಡೆಯುವಾಗ ಎಲ್‌ವಿಎಸ್ ಆದೇಶದಿಂದ ಎಷ್ಟು ತುಂಬಿದೆ ಅಂತ ನೋಡುತ್ತಿರಿ.

ಜೆಡ್‌ಎಫ್‌ಎಸ್‌ನಲ್ಲಿ ಈ ತಲೆನೋವು ಕಡಿಮೆ. ಅಲ್ಲಿ ಎರಡು ಸ್ನ್ಯಾಪ್‌ಶಾಟ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಸೆಂಡ್ ಮತ್ತು ರಿಸೀವ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸಬಹುದು. ಬಿಟಿಆರ್‌ಎಫ್‌ಎಸ್ ಬಳಸುವವರು ಒಂದು ನೆನಪಿಡಿ: ಸಬ್‌ವಾಲ್ಯೂಮ್ ಒಳಗಿನ ಸಬ್‌ವಾಲ್ಯೂಮ್ ಸ್ನ್ಯಾಪ್‌ಶಾಟ್‌ನಲ್ಲಿ ಬರೋದಿಲ್ಲ, ಆ ಜಾಗ ಖಾಲಿ ಫೋಲ್ಡರ್ ಆಗಿ ಕಾಣುತ್ತದೆ.

ಚಿಕ್ಕ ಪ್ರಾಜೆಕ್ಟಿಗೆ ಇಷ್ಟೆಲ್ಲ ಬೇಕಾ? ಬೇಡ. ಎಸ್‌ಕ್ಯೂಲೈಟ್ ಬಳಸುತ್ತಿದ್ದರೆ ಅದರದೇ ಬ್ಯಾಕಪ್ ಆದೇಶ ಇದೆ. ಮೈಎಸ್‌ಕ್ಯೂಎಲ್‌ಡಂಪ್‌ಗೆ ಸಿಂಗಲ್ ಟ್ರಾನ್ಸಾಕ್ಷನ್ ಆಪ್ಶನ್ ಕೊಟ್ಟರೆ ಇನ್ನೋಡಿಬಿ ಟೇಬಲ್‌ಗಳ ಒಂದೇ ಕ್ಷಣದ ನೋಟ ಸಿಗುತ್ತದೆ. ಡೇಟಾ ದೊಡ್ಡದಾದಾಗ, ಅಥವಾ ಡೇಟಾಬೇಸಿನ ಜೊತೆಗೆ ಅಪ್‌ಲೋಡ್ ಆದ ಫೋಟೊ, ಪಿಡಿಎಫ್‌ಗಳೂ ಒಟ್ಟಿಗೆ ತಾಳೆಯಾಗಬೇಕಾದಾಗ ಸ್ನ್ಯಾಪ್‌ಶಾಟಿನ ಬೆಲೆ ತಿಳಿಯುತ್ತದೆ.

೬. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ

ಈ ಸಾಲನ್ನು ಪರೀಕ್ಷೆಯಲ್ಲಿ ಕೇಳದಿದ್ದರೂ ಬಾಯಿಪಾಠ ಮಾಡಿ. ಬದಲಾಗದ ತುಂಡುಗಳು ಮೂಲ ಡಿಸ್ಕಿನಲ್ಲೇ ಇವೆ. ಡಿಸ್ಕ್ ಸತ್ತರೆ ಸ್ನ್ಯಾಪ್‌ಶಾಟೂ ಸಾಯುತ್ತದೆ. ಅದು ಬ್ಯಾಕಪ್ ಆಗೋದು ಬೇರೆ ಯಂತ್ರಕ್ಕೆ ಕಾಪಿಯಾದ ಮೇಲೆ.

ಇದಕ್ಕೆ ಜಗತ್ತಿಗೇ ಪಾಠವಾದ ಒಂದು ಘಟನೆ ಇದೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ರೆಪ್ಲಿಕೇಶನ್ ಸಮಸ್ಯೆ ಸರಿಪಡಿಸುತ್ತಿದ್ದರು. ಎರಡನೇ ಸರ್ವರ್‌ನಲ್ಲಿ ಅಳಿಸಬೇಕಿದ್ದ ಡೇಟಾ ಫೋಲ್ಡರನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿಬಿಟ್ಟರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇದೆಯಲ್ಲ ಅಂತ ಹುಡುಕಿದರೆ, ದಿನವೂ ತೆಗೆಯಬೇಕಿದ್ದ ಡಂಪ್ ಫೈಲ್‌ಗಳು ಇರಲೇ ಇಲ್ಲ. ಪೋಸ್ಟ್‌ಗ್ರೆಸ್ 9.6 ಓಡುತ್ತಿತ್ತು, ಡಂಪ್ ತೆಗೆಯುವ ಪ್ರೋಗ್ರಾಂ 9.2 ಆವೃತ್ತಿಯದ್ದು. ಪ್ರತಿ ಸಲವೂ ಅದು ಫೇಲ್ ಆಗುತ್ತಿತ್ತು. ಫೇಲ್ ಆಯಿತು ಅಂತ ಹೋಗುತ್ತಿದ್ದ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ.

ಕೊನೆಗೆ ಕೈಹಿಡಿದದ್ದು ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್. ಬೇರೊಂದು ಪರೀಕ್ಷೆಗಾಗಿ ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದು, ಇನ್ನೊಂದು ಸರ್ವರ್‌ಗೆ ಹಾಕಿದ್ದ ಪ್ರತಿ. ಅದರಿಂದ ಡೇಟಾಬೇಸ್ ಮತ್ತೆ ಎದ್ದಿತು. ನಡುವಿನ ಆರು ಗಂಟೆಯ ಕೆಲಸ ಹೋಯಿತು: ಸುಮಾರು 5000 ಪ್ರಾಜೆಕ್ಟ್‌ಗಳು, 5000 ಕಮೆಂಟ್‌ಗಳು, 700 ಹೊಸ ಖಾತೆಗಳು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು. ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರವಾಗಿಯೂ ತೋರಿಸಿತು.

ಗಮನಿಸಿ, ಸ್ನ್ಯಾಪ್‌ಶಾಟ್ ಕಾಪಾಡಿದ್ದು ಅದು ಬೇರೆ ಯಂತ್ರದಲ್ಲಿ ಇದ್ದದ್ದರಿಂದ. ಕೈಕೊಟ್ಟ ಬ್ಯಾಕಪ್‌ಗಳಲ್ಲಿ ತಂತ್ರಜ್ಞಾನದ ಕೊರತೆ ಇರಲಿಲ್ಲ. ಒಮ್ಮೆಯೂ ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ ಬರೀ ನಂಬಿಕೆ, ಅಷ್ಟೇ.

೭. ಲ್ಯಾಪ್‌ಟಾಪಿನಲ್ಲಿ ಒಂದು ಪ್ರಯೋಗ

ವರ್ಚುವಲ್ ಮಶೀನಿನಲ್ಲೇ ಮಾಡಿ, ನಿಮ್ಮ ನಿಜವಾದ ಡಿಸ್ಕಿನ ಮೇಲೆ ಬೇಡ. 2 ಜಿಬಿಯ ಒಂದು ಖಾಲಿ ಫೈಲನ್ನು ಲೂಪ್ ಡಿವೈಸ್ ಮಾಡಿ, ಅದರ ಮೇಲೆ ಎಲ್‌ವಿಎಂ ಕಟ್ಟಿ, 1 ಜಿಬಿಗೆ ಇಎಕ್ಸ್‌ಟಿ4 ಹಾಕಿ. ಉಳಿದ ಜಾಗ ಸ್ನ್ಯಾಪ್‌ಶಾಟಿಗೆ.

ಅದರಲ್ಲಿ 100 ಫೈಲ್ ಮಾಡಿ. ಪ್ರತಿಯೊಂದರಲ್ಲೂ 000100 ಅನ್ನುವ ಸಂಖ್ಯೆ. ಒಟ್ಟು 10,000 ರೂಪಾಯಿ ಅನ್ನೋಣ. ಒಂದು ಪೈಥಾನ್ ಸ್ಕ್ರಿಪ್ಟ್ ಯಾವುದೋ ಎರಡು ಫೈಲ್ ಆರಿಸಿ, ಒಂದರಿಂದ 10 ಕಳೆದು ಇನ್ನೊಂದಕ್ಕೆ 10 ಕೂಡಿಸುತ್ತ ಸುತ್ತುತ್ತಿರಲಿ. ಫೈಲನ್ನು ಖಾಲಿ ಮಾಡದೆ, ಆರು ಅಂಕಿಗಳ ಮೇಲೇ ಬರೆಯಬೇಕು. ಯಾವ ಫೈಲೂ ಸೊನ್ನೆಗಿಂತ ಕೆಳಗೆ ಹೋಗಬಾರದು.

ಮೊದಲ ಸಲ: ಸ್ಕ್ರಿಪ್ಟ್ ಓಡುತ್ತಿರುವಾಗಲೇ ಫೈಲ್‌ಗಳನ್ನು ಒಂದೊಂದಾಗಿ, ನಡುವೆ 0.1 ಸೆಕೆಂಡ್ ಬಿಟ್ಟು ಕಾಪಿ ಮಾಡಿ. ದೊಡ್ಡ ಕಾಪಿಯ ನಿಧಾನವನ್ನು ಇದು ಅನುಕರಿಸುತ್ತದೆ. ಕೂಡಿಸಿದರೆ ಮೊತ್ತ 10,000 ಬರೋದು ಅಪರೂಪ.

ಎರಡನೇ ಸಲ: ಸ್ನ್ಯಾಪ್‌ಶಾಟ್ ತೆಗೆದು ಅದರಿಂದ ಅಷ್ಟೇ ನಿಧಾನವಾಗಿ ಕಾಪಿ ಮಾಡಿ. ಮೊತ್ತ 10,000 ಇರಬೇಕು, ಇಲ್ಲವೇ ಸರಿಯಾಗಿ 10 ರೂಪಾಯಿ ಕಡಿಮೆ. ಆ 10 ಎಲ್ಲಿ ಹೋಯಿತು? ಒಂದು ಕಡೆ ಕಳೆದು, ಇನ್ನೊಂದು ಕಡೆ ಕೂಡಿಸುವ ಮುಂಚೆ ಫೋಟೊ ಬಿತ್ತು. ಇದೇ ಕ್ರ್ಯಾಶ್ ಕನ್ಸಿಸ್ಟೆಂಟ್.

ಮೂರನೇ ಸಲ: ಪ್ರತಿ ವ್ಯವಹಾರಕ್ಕೂ ಸ್ಕ್ರಿಪ್ಟ್ ಒಂದು ಲಾಕ್ ಹಿಡಿಯಲಿ. ಸ್ನ್ಯಾಪ್‌ಶಾಟ್ ತೆಗೆಯುವವರೂ ಅದೇ ಲಾಕ್ ಹಿಡಿದು, ತೆಗೆದು, ಬಿಡಲಿ. ಲಾಕ್ ಫೈಲನ್ನು ಮಾತ್ರ ಈ ಡಿಸ್ಕಿನ ಹೊರಗೆ ಇಡಿ. ಎಷ್ಟು ಸಲ ಮಾಡಿದರೂ 10,000. ಇದೇ ಅಪ್ಲಿಕೇಶನ್ ಕನ್ಸಿಸ್ಟೆಂಟ್.

ಅಭ್ಯಾಸಕ್ಕೆ ಮೂರು ಪ್ರಶ್ನೆ

1. ಎರಡನೇ ಪ್ರಯೋಗದಲ್ಲಿ ಲಾಕ್ ಇಲ್ಲದೆಯೇ, ಬರೀ ಒಂದು ಲಾಗ್ ಫೈಲ್ ಸೇರಿಸಿ, ರಿಸ್ಟೋರ್ ಆದ ಮೇಲೆ ಮೊತ್ತ 10,000 ಬರುವಂತೆ ಮಾಡಬಹುದೇ? ಲಾಗ್‌ನಲ್ಲಿ ಏನನ್ನು, ಯಾವಾಗ ಬರೆಯಬೇಕು?

2. ಮೆಸ್ ಆಪಿನ ಡೇಟಾಬೇಸ್ ಒಂದು ಡಿಸ್ಕಿನಲ್ಲಿ, ರಸೀದಿಯ ಫೋಟೊಗಳು ಇನ್ನೊಂದರಲ್ಲಿ ಇವೆ. ಎರಡೂ ತಾಳೆಯಾಗುವಂತೆ ಬ್ಯಾಕಪ್ ಮಾಡಬೇಕು. ಯಾವುದರ ಸ್ನ್ಯಾಪ್‌ಶಾಟ್ ಮೊದಲು ತೆಗೆದರೆ ನಷ್ಟ ಕಡಿಮೆ, ಯಾಕೆ?

3. ನಿಮ್ಮ ಪ್ರಾಜೆಕ್ಟಿನ ಬ್ಯಾಕಪ್ ಕೊನೆಯ ಸಲ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ? ಉತ್ತರ ತಾರೀಖಿನಲ್ಲಿ ಬರಬೇಕು.

ಮೊದಲ ಎರಡಕ್ಕೆ ಉತ್ತರ ಬರೆದು ಕ್ಲಬ್ಬಿಗೆ ಕಳಿಸಿ. ಮೂರನೆಯದನ್ನು ಇವತ್ತು ರಾತ್ರಿಯೇ ಮಾಡಿ.